ಅಣ್ಣ ಕಟ್ಟಿದ ಭಾಷೆ

ಸೆಪ್ಟೆಂಬರ್ 24, 1979

ಹದಿಮೂರು ದಿನದ ಮೇಲೆ ಅಣ್ಣನನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ಬಲಗೈ ಬಲಗಾಲು ಇದ್ದೂ ಇಲ್ಲ. ಬಾಯಿ ಎಡಕ್ಕೆ ವಾಲಿದೆ. ಕೊಡಿಯಾಲ್‌ಬೈಲಿನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಾ ನಿಂತಲ್ಲೇ ಬಿದ್ದವನು ಆಮೇಲೆ ಒಂದಕ್ಷರ ಆಡಿಲ್ಲ.

ನೋಡಲು ಬಂದವರಿಗೆ ಚಾ ಮಾಡಿ ಮಾಡಿ ಕೈ ಸೋತಿತು. ಎಲ್ಲರದ್ದೂ ಒಂದೇ ಮಾತು: ಕುಮುದಿನಿ ಟೀಚರ್ ಇದ್ದಾರಲ್ಲ, ಪುಣ್ಯ. ಪುಣ್ಯ ಯಾರದ್ದು ಎಂದು ಯಾರೂ ಹೇಳುವುದಿಲ್ಲ. ನನಗೆ ನಲವತ್ತಾರು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ಬೊಂಬಾಯಿಯಲ್ಲಿ ಇನ್ನೊಬ್ಬಳನ್ನು ಇಟ್ಟುಕೊಂಡ. ನಾನು ಉಳ್ಳಾಲಕ್ಕೆ, ತಾಯಿಮನೆಗೆ, ಅಣ್ಣನ ಹತ್ತಿರ ಬಂದೆ. ಇಪ್ಪತ್ತೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವನು ನನ್ನೊಡನೆ ಆಡಿದ್ದನ್ನೆಲ್ಲ ಒಟ್ಟು ಮಾಡಿದರೂ ಒಂದು ಕಾಪಿ ಪುಸ್ತಕ ತುಂಬಲಿಕ್ಕಿಲ್ಲ. ಚಾ ತಾ. ಬಾಗಿಲು ಹಾಕು. ಕೊಡೆ ಎಲ್ಲಿ. ಅಷ್ಟೆ. ಈಗ ಅದೂ ಇಲ್ಲ.

ರಜೆ ಮುಗಿಯಿತು. ನಾಳೆಯಿಂದ ತೊಕ್ಕೊಟ್ಟಿನ ಶಾಲೆಗೆ ಹೋಗಬೇಕು. ಹಗಲು ಪಕ್ಕದ ಮನೆಯಲ್ಲಿರುವ ದೇಯಿ ಅಕ್ಕ, ನಮ್ಮಿಬ್ಬರಿಗೂ ಹಿರಿಯ ಒಡಹುಟ್ಟು, ಬಂದು ಕೂರುತ್ತಾಳೆ.

ಸೆಪ್ಟೆಂಬರ್ 30

ಅಣ್ಣ ಮಾತಾಡಿದ. ಆದರೆ ಅದು ಎಂಥ ಮಾತು ಎಂದು ದೇವರಿಗೇ ಗೊತ್ತು.

ಬೆಳಿಗ್ಗೆ ಗಂಜಿ ಕುಡಿಸುವಾಗ "ವಾತ್ರ" ಎಂದ. ನಾನು ಮುಖ ನೋಡಿದೆ. ಮತ್ತೆ "ವಾತ್ರ, ವಾತ್ರ" ಎಂದು ಕೈಸಾಲೆಯ ಕೊಡಪಾನ ನೋಡಿದ. ನೀರು ಕೊಟ್ಟೆ, ಕುಡಿದ. ಆಮೇಲೆ ಕಟ್ಟೆ ಒಡೆದ ಹಾಗೆ ಒಂದೇ ಸಮನೆ ಹೇಳತೊಡಗಿದ. ತುಳು ಅಲ್ಲ, ಕನ್ನಡ ಅಲ್ಲ, ಕೊಂಕಣಿ, ಬ್ಯಾರಿ ಯಾವುದೂ ಅಲ್ಲ. ನಾವು ತುಳುವಿನಲ್ಲಿ ಹೇಳಿದ್ದು ಅವನಿಗೆ ತಾಗುವ ಹಾಗೂ ಕಾಣಲಿಲ್ಲ. ದೇಯಿ ಅಕ್ಕ ಮೀನಿನ ಬುಟ್ಟಿ ಅಲ್ಲಿಯೇ ಬಿಟ್ಟು ಅಂಗಳಕ್ಕೆ ಓಡಿದಳು.

ಅಕ್ಟೋಬರ್ 3

ದೇಯಿ ಅಕ್ಕನ ಮಗ ಸೇಸಪ್ಪ ದೋಣಿ ಬಿಟ್ಟು ಬಂದು ಒಂದು ಗಂಟೆ ಅಣ್ಣನೆದುರು ಕೂತ. ಆಮೇಲೆ ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಟ್ಟು ಕೇಳಿಕೊಂಡು ಬಂದಿದ್ದಾನೆ. ಯುದ್ಧಕ್ಕೆ ಮೊದಲು ಪ್ರೆಸ್ಸಿನಲ್ಲಿ ಒಬ್ಬ ಜರ್ಮನ್ ಮುದುಕ ಇದ್ದನಲ್ಲ, ಅಣ್ಣನಿಗೆ ಕೆಲಸ ಕಲಿಸಿದವನು, ಅವನನ್ನು ಸರಕಾರ ಹಿಡಿದುಕೊಂಡು ಹೋಯಿತು, ಎಲ್ಲಿ ಸತ್ತನೋ, ಯಾರು ಮಣ್ಣು ಮಾಡಿದರೋ ಗೊತ್ತಿಲ್ಲ. ಅವನ ಪ್ರೇತವೇ ಅಣ್ಣನನ್ನು ಹಿಡಿದದ್ದಂತೆ. ಅಣ್ಣ ನಲವತ್ತು ವರ್ಷ ಅವನ ಸ್ಟೂಲಿನ ಮೇಲೆಯೇ ಕೂತದ್ದು ಅವನಿಗೆ ಆಗಲಿಲ್ಲವಂತೆ.

ಹಬ್ಬ ಕಳೆದು ನವೆಂಬರ್ ನಾಲ್ಕಕ್ಕೆ ಮಂತ್ರವಾದಿ ಬಂದು ಬಿಡಿಸುತ್ತಾನೆ. ಬಿಡದಿದ್ದರೆ ಅಣ್ಣನನ್ನು ನಲವತ್ತೆಂಟು ದಿನ ಅವನ ಹಿತ್ತಿಲಲ್ಲಿ ಇರಿಸಬೇಕು. ಅರ್ಧ ಮೈ ಬಿದ್ದವನು ಅಲ್ಲಿ ನಾಲ್ಕು ದಿನ ಉಳಿಯಲಿಕ್ಕಿಲ್ಲ. ನಾನು ಬೇಡ ಎಂದೆ. ನಮ್ಮ ಅಳಿಯಕಟ್ಟಿನಲ್ಲಿ ಸೋದರಮಾವನ ಭಾರ ಅಕ್ಕನ ಮಗನದ್ದು, ಅವನ ಮಾತಿನ ಮೇಲೆ ನನ್ನ ಮಾತು ನಡೆಯುವುದಿಲ್ಲ. ಸೇಸಪ್ಪ ಕೆಟ್ಟವನಾಗಿದ್ದರೆ ಜಗಳ ಮಾಡಬಹುದಿತ್ತು. ಒಳ್ಳೆಯವನು, ಮಾವನ ಕಾಲು ಒತ್ತುತ್ತಾ ಅಳುತ್ತಾನೆ. ನನಗೆ ಅಳಲಿಕ್ಕೂ ಪುರುಸೊತ್ತಿಲ್ಲ.

ಅಕ್ಟೋಬರ್ 7

ಪ್ರೆಸ್ಸಿನ ಮಿಶಿನ್‌ಮ್ಯಾನ್ ವಿಲ್ಲಿ ಅಣ್ಣನ ತಗಡಿನ ಪೆಟ್ಟಿಗೆ ತಂದುಕೊಟ್ಟು ಹೋದ. ಒಳಗೆ ಎರಡು ಹಳೆಯ ಜರ್ಮನ್ ನಿಘಂಟು, ರಟ್ಟು ಹಾಕಿದ ಮೂರು ದಪ್ಪ ಪುಸ್ತಕ. ಮೂರೂ ಅಣ್ಣನ ಅಕ್ಷರ. ಪೂವಪ್ಪಣ್ಣ ಊಟದ ಹೊತ್ತಿನಲ್ಲಿ ಇದನ್ನೇ ಬರೆಯುತ್ತಿದ್ದರು, ಪದ್ಯ ಇರಬೇಕು ಎಂದು ಗ್ರಹಿಸಿದ್ದೆ ಎಂದ ವಿಲ್ಲಿ.

ಪದ್ಯ ಅಲ್ಲ. ಮೊದಲ ಪುಟದಲ್ಲಿ ಕನ್ನಡದಲ್ಲಿ ಹೀಗೆ ಉಂಟು: "ಸಾವಿರ ವರ್ಷದ ಹಿಂದೆ ಉತ್ತರದ ಕಡಲಿನ ಬೆಸ್ತರ ದೋಣಿಯೊಂದು ದಾರಿ ತಪ್ಪಿ ಉಳ್ಳಾಲದ ತಡಿಗೆ ಬಂದಿತೆಂದು ಇಟ್ಟುಕೊಳ್ಳೋಣ. ಅವರು ಇಲ್ಲಿಯೇ ಬಲೆ ಹಾಕಿ, ಇಲ್ಲಿಯೇ ಸತ್ತಿದ್ದರೆ ಅವರ ಸಂತಾನ ಇಂದು ಯಾವ ಮಾತನ್ನಾಡುತ್ತಿತ್ತು?" ಆಮೇಲೆ ಮೂರು ಪುಸ್ತಕ ತುಂಬ ಆ ಮಾತೇ. ಹೆಸರು ಸ್ಟ್ರಾಂದಿಸ್ಕ. ಒಂದೊಂದು ಪದ ಯಾವ ಹಳೆಯ ಮೂಲದಿಂದ ಹೊರಟು, ಎಲ್ಲಿ ಸವೆದು, ಇಲ್ಲಿಗೆ ಹೇಗೆ ಮುಟ್ಟಿತು ಎಂದು ಬರೆದಿದ್ದಾನೆ. ಅವನೇ ಕಟ್ಟಿದ್ದು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎನ್ನುವುದು ಇದಕ್ಕೇ. ತಲೆಗೆ ಪೆಟ್ಟಾಗಿ ಹುಟ್ಟುಮಾತು ಹೋಗಿದೆ, ಈ ಕಟ್ಟಿದ ಮಾತು ಮಾತ್ರ ಉಳಿದಿದೆ.

ಸಂಜೆ ಸೇಸಪ್ಪನಿಗೆ ಪುಸ್ತಕ ತೋರಿಸಿದೆ. ಅವನು ಕೈ ತೊಳೆದು ಬಂದು ಮುಟ್ಟಿದ. "ಚಿಕ್ಕಮ್ಮ, ಭಾಷೆಯನ್ನು ಯಾರಾದ್ರೂ ಮನೆಯಲ್ಲಿ ಕೂತು ಮಾಡ್ತಾರಾ? ಅದೆಂತ ಹಪ್ಪಳವಾ? ಇದು ಆ ಜರ್ಮನ್ ದೊರೆಯೇ ಕೈ ಹಿಡಿದು ಬರೆಸಿದ್ದು" ಎಂದ. ಪುಸ್ತಕ ತೋರಿಸಿದ್ದು ನನ್ನದೇ ತಪ್ಪು. ಇದ್ದ ಸಂಶಯವೂ ಅವನಿಗೆ ಹೋಯಿತು.

ಅಕ್ಟೋಬರ್ 12

ಹೊದಿಕೆ ಬೇಕಾದದ್ದಕ್ಕೆ ನಾನು ಬೆಡ್‌ಪ್ಯಾನ್ ಇಟ್ಟೆ. ಅವನು ಗೋಡೆಯ ಕಡೆ ಮುಖ ಮಾಡಿ ಕಣ್ಣೀರು ಹಾಕಿದ. ಇದು ಸಾಧ್ಯವಿಲ್ಲ. ಬೇಕಾದ ಐವತ್ತು ಮಾತಾದರೂ ಕಲಿಯಬೇಕು.

ಅಕ್ಟೋಬರ್ 18

ಶಾಲೆಗೆ ಹೋಗುವ ಬಸ್ಸಿನಲ್ಲಿ ಒಂದು ಪುಟ, ಬರುವಾಗ ಒಂದು ಪುಟ. ಮೂರನೇ ಕ್ಲಾಸಿನ ಮಕ್ಕಳಿಗೆ ನಾನು ಮಗ್ಗಿ ಕಂಠಪಾಠ ಮಾಡಿಸುವ ಹಾಗೆ ನನಗೆ ನಾನೇ ಮಾಡಿಸಿಕೊಳ್ಳುತ್ತೇನೆ.

ಪೂರ್ತಿ ಹುಚ್ಚು ಎನ್ನಲಾರೆ. ತುಳುವಿನ ಪಿಲಿ, ಪೂ, ಪಲ್ಲಿ ಕನ್ನಡದಲ್ಲಿ ಹುಲಿ, ಹೂ, ಹಲ್ಲಿ ಆಗಿದೆಯಲ್ಲ. ಆ ಉತ್ತರದ ಕಡಲಿನ ಭಾಷೆಗಳಲ್ಲಿಯೂ ಹಳೆಯ ಪಕಾರ ಫಕಾರವಾಗಿ ಹೋಗಿದೆ ಎಂದು ಬರೆದು, "ಎರಡು ಕಡಲತಡಿಯಲ್ಲಿಯೂ ತುಟಿ ಒಂದೇ ರೀತಿ ಸೋಲುತ್ತದೆ" ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ. ಇಪ್ಪತ್ತು ವರ್ಷದಿಂದ ಕನ್ನಡ ಕಲಿಸುವ ನನಗೆ ಇದು ಹೊಳೆದಿರಲಿಲ್ಲ. ಇವನು ಒಂದು ದಿನ ಊಟಕ್ಕೆ ಕೂತಾಗ ಹೇಳಬಹುದಿತ್ತು.

ತಂಗಿಗೆ ಸುಸ್ತರ್. ಸರಿಯಾದ ಹೆಸರೇ ಇಟ್ಟಿದ್ದಾನೆ, ನನಗೆ ಯಾವಾಗಲೂ ಸುಸ್ತೇ.

ಅಕ್ಟೋಬರ್ 29

ಈ ಭಾಷೆಯಲ್ಲಿ ಅಪ್ಪಣೆ ಕೊಡಲು ಬರುವುದಿಲ್ಲ. ತಾ, ಹೋಗು, ಮಾಡು ಎನ್ನುವ ರೂಪವನ್ನೇ ಅವನು ಇಟ್ಟಿಲ್ಲ. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾರಣ ಬರೆದಿದ್ದಾನೆ: ಹನ್ನೆರಡನೇ ವಯಸ್ಸಿನಲ್ಲಿ ದೋಣಿ ಹತ್ತಿದರೆ ವಾಂತಿಯಾಗುತ್ತಿತ್ತು, ದೋಣಿ ನಡೆಸುವ ತಂಡೇಲ ದಿನವಿಡೀ ಅಪ್ಪಣೆಗಳಲ್ಲೇ ಹೊಡೆದ. ಹಾಗಾಗಿ ನೀರು ಬೇಕಾದರೆ ಅವನು "ನೀರು ಬರುವುದುಂಟೋ" ಎಂದು ಕೇಳುತ್ತಾನೆ. ನಾನು ತಂದುಕೊಟ್ಟರೆ "ಬಂತು, ಒಳ್ಳೆಯದಾಯಿತು" ಎನ್ನುತ್ತಾನೆ. ಇಪ್ಪತ್ತೊಂದು ವರ್ಷ ಚಾ ಕೊಟ್ಟಿದ್ದೇನೆ, ಒಳ್ಳೆಯದಾಯಿತು ಎಂದು ಕೇಳಿದ್ದು ಈಗಲೇ.

ಉದಾಹರಣೆಯ ವಾಕ್ಯಗಳೂ ಉಂಟು. "ಸುಸ್ತರ್ ಶಾಲೆಗೆ ಹೋದಳು." "ಸುಸ್ತರ್ ಇವತ್ತು ನಗಲಿಲ್ಲ." "ಮಳೆ ಬಂತು, ಸುಸ್ತರ್ ಕೊಡೆ ಮರೆತಿದ್ದಾಳೆ." ವಿಭಕ್ತಿ ಕಲಿಸಲು ಬೇರೆ ಯಾರೂ ಸಿಗಲಿಲ್ಲವೋ ಏನೋ. ಓದಿ ಸಿಟ್ಟೂ ಬಂತು, ಅಳುವೂ ಬಂತು.

ನವೆಂಬರ್ 4, ಭಾನುವಾರ

ಆಗಿಹೋಯಿತು.

ಅಂಗಳದಲ್ಲಿ ಮಂಡಲ ಬರೆದು ಅಣ್ಣನನ್ನು ಮರದ ಕುರ್ಚಿಯಲ್ಲಿ ಕೂರಿಸಿದರು. ಎದುರಿನ ಬಾಳೆ ಎಲೆಯಲ್ಲಿ ಭೂತಕ್ಕೆ ಬೇಕಾದದ್ದು: ಪಾವ್, ಬೇಯಿಸಿದ ಮೊಟ್ಟೆ, ಕಾಲು ಬಾಟಲಿ ಬ್ರಾಂದಿ, ಎರಡು ಚುಟ್ಟಾ. ಬಿಳಿಯ ದೊರೆಗೆ ನಮ್ಮ ಪುಂಡಿ ಗಸಿಯ ಊಟ ಆಗಲಿಕ್ಕಿಲ್ಲ ಎಂದು ಸೇಸಪ್ಪನೇ ಯೋಚನೆ ಮಾಡಿ ತರಿಸಿದ್ದ. ಕೇರಿಗೆ ಕೇರಿಯೇ ಸೇರಿತ್ತು.

ಮಂತ್ರವಾದಿ ಬೂದಿ ಎಸೆದು, ನೀನು ಯಾರು, ಎಲ್ಲಿಂದ ಬಂದೆ ಎಂದು ಗದರಿದ. ಅಣ್ಣ ನನ್ನ ಕಡೆ ತಿರುಗಿ ಮೆಲ್ಲಗೆ ಮಾತಾಡಿದ. ಜನ ಮುಂದಕ್ಕೆ ಬಗ್ಗಿದರು. ಅವನು ಹೇಳಿದ್ದು ಇಷ್ಟೇ: ಸುಸ್ತರ್, ಕಾಲು ಜೋಮು ಹಿಡಿದಿದೆ, ನಾವು ಒಳಗೆ ಹೋಗುವುದುಂಟೋ. ಮಂತ್ರವಾದಿ ಇನ್ನೊಮ್ಮೆ ಕೇಳಿದ. ಅಣ್ಣ ಇನ್ನೊಮ್ಮೆ ಕಾಲಿನ ವಿಷಯವೇ ಹೇಳಿದ. ಮಂತ್ರವಾದಿ ಬೆತ್ತ ತೆಗೆದುಕೊಂಡ.

ನಾನು ಎದ್ದು ನಡುವೆ ನಿಂತು, "ಯಾ, ಬ್ರೋರ್. ವಿತ್ ಗಾನ್ ಹೈಮ್" ಎಂದುಬಿಟ್ಟೆ. ಹೌದು ಅಣ್ಣ, ನಾವಿಬ್ಬರು ಮನೆಗೆ ಹೋಗುತ್ತೇವೆ. ವಿತ್ ಎಂದರೆ ನಾವಿಬ್ಬರು ಮಾತ್ರ, ಮೂರನೆಯವರಿಲ್ಲ. ಅದುವರೆಗೆ ಆ ಭಾಷೆಯನ್ನು ಬಾಯಿ ಬಿಟ್ಟು ಆಡಿರಲಿಲ್ಲ. ಅಣ್ಣನ ಮುಖ ನೋಡಬೇಕಿತ್ತು. ಎಡಗೈ ಎತ್ತಿ ನನ್ನ ಸೆರಗು ಹಿಡಿದುಕೊಂಡ.

ಹೆಂಗಸರು ಕಿರುಚಿ ಹಿಂದೆ ಸರಿದರು. ದೊರೆ ಟೀಚರ ಮೈಗೆ ಹಾರಿದ! ಮಂತ್ರವಾದಿಯೇ ಎರಡು ಹೆಜ್ಜೆ ಹಿಂದೆ ಹೋದ. ಆಗ ನನಗೆ ಬುದ್ಧಿ ಬಂತು. ಹೇಗೂ ಹಿಡಿದಿದೆ ಎನ್ನುತ್ತಾರೆ, ಹಿಡಿದೇ ಬಿಡಲಿ. ಸ್ವರ ದಪ್ಪ ಮಾಡಿ ತುಳುವಿನಲ್ಲಿ, ಈ ಶರೀರವನ್ನು ಮನೆಯಿಂದ ಎಲ್ಲಿಗೂ ಕೊಂಡುಹೋಗಬಾರದು, ಇದರ ಮೇಲೆ ಬೆತ್ತ ಬೀಳಬಾರದು ಎಂದೆ. ಸೇಸಪ್ಪ ಕೈ ಮುಗಿದು ಅಡ್ಡಬಿದ್ದ. ಪಾಪ, ಅವನಿಗೆ ಮೋಸ ಮಾಡಿದೆ. ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ.

ನವೆಂಬರ್ 6

ಸುದ್ದಿ ತೊಕ್ಕೊಟ್ಟಿಗೂ ಮುಟ್ಟಿದೆ. ಹೆಡ್‌ಮಾಸ್ಟ್ರು ನನ್ನನ್ನು ಕುರ್ಚಿ ಕೊಟ್ಟು ಕೂರಿಸಿದರು. ಮೂರನೇ ಕ್ಲಾಸು ಇಡೀ ದಿನ ಪಿಟ್ಟೆನ್ನಲಿಲ್ಲ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಮೊದಲ ಸಲ.

ನವೆಂಬರ್ 17

ಅಣ್ಣನ ಪುಸ್ತಕದಲ್ಲಿ ಸಮುದ್ರಕ್ಕೆ ಒಂಬತ್ತು ಪದ ಉಂಟು, ಬಸ್ಸಿಗೆ ಒಂದೂ ಇಲ್ಲ. ಸಾವಿರ ವರ್ಷದ ಹಿಂದಿನ ದೋಣಿಯವರು ಬಸ್ಸು ಎಲ್ಲಿ ಕಂಡಾರು? ಉರುಳುವುದಕ್ಕೆ ರಾಲ್, ಮನೆಯ ಕಟ್ಟಡಕ್ಕೆ ಹೂಸ್. ನಾನು ರಾಲ್‌ಹೂಸ್ ಎಂದೆ. ಎರಡು ಪದ ಅಂಟಿಸಿ ಒಂದು ಮಾಡುವುದು ನಮ್ಮ ಸಮಾಸದ ಹಾಗೆಯೇ. ಅಣ್ಣ ಎಡಗೈಯಲ್ಲಿ ಪೆನ್ಸಿಲು ಹಿಡಿದು, ಸೊಟ್ಟ ಸೊಟ್ಟ ಅಕ್ಷರದಲ್ಲಿ ಅದನ್ನು ಪುಸ್ತಕಕ್ಕೆ ಸೇರಿಸಿದ. ಕೊಡೆಗೆ ಅವನದ್ದೊಂದು ಪದ ಇತ್ತು, ನಾನು ರೇನ್‌ಹಾತ್, ಮಳೆಯ ಟೊಪ್ಪಿ, ಎಂದದ್ದೇ ಚೆಂದ ಎಂದು ತನ್ನದನ್ನು ಹೊಡೆದುಹಾಕಿದ.

ನವೆಂಬರ್ 25

ಮಧ್ಯಾಹ್ನ ವಿತ್ ಜಗಲಿಯಲ್ಲಿ ಕೂತೆವು. ಅಣ್ಣ ನಮ್ಮ ಅಮ್ಮನ ವಿಷಯ ಹೇಳಿದ. ನನ್ನ ಗಂಡ ಮಾಡಿದ್ದು ತಿಳಿದ ದಿನ ತಾನು ಬೊಂಬಾಯಿಗೆ ಟಿಕೆಟ್ ತೆಗೆದು, ಸ್ಟೇಷನ್ನಿನಲ್ಲಿ ಎರಡು ಗಂಟೆ ನಿಂತು, ಹೊಡೆಯಲು ಧೈರ್ಯ ಸಾಲದೆ ವಾಪಸು ಬಂದೆ ಎಂದ. ನನಗೆ ಗೊತ್ತೇ ಇರಲಿಲ್ಲ. ತುಳುವಿನಲ್ಲಿ ಯಾಕೆ ಇದನ್ನು ಹೇಳಲಿಲ್ಲ ಎಂದು ಕೇಳಿದೆ. ತುಳುವಿನಲ್ಲಿ ನಾನು ಅಣ್ಣ ಅಲ್ಲವಾ, ಇದರಲ್ಲಿ ಹಿರಿ ಕಿರಿ ಇಲ್ಲ, ಬರಿಯ ಬ್ರೋರ್ ಎಂದ.

ದೇಯಿ ಅಕ್ಕ ಬಾಂಗಡೆ ತಂದಳು. ಫಿಸ್ಕ್ ಬಂತು, ಒಳ್ಳೆಯದಾಯಿತು ಎಂದೆ. ಅವಳು ಹೆದರಿ ಹೊಸಿಲಲ್ಲೇ ಇಟ್ಟು ಹೋದಳು.

ಡಿಸೆಂಬರ್ 3

ಅಣ್ಣನನ್ನು ಆಸ್ಪತ್ರೆಗೆ ತೋರಿಸಿಕೊಂಡು ಬಂದೆ. ರೇನ್‌ಹಾತ್ ರಾಲ್‌ಹೂಸಿನಲ್ಲಿಯೇ ಉಳಿಯಿತು.

ಡಾಕ್ಟರ್ ಶಶಿಪ್ರಭಾ ಸಣ್ಣ ಪ್ರಾಯದವರು, ಭೂತ ಗೀತ ಎನ್ನುವವರಲ್ಲ. ಎಲ್ಲ ಕೇಳಿ, ಪುಸ್ತಕಗಳನ್ನೂ ನೋಡಿ, ಇನ್ನು ಆ ಭಾಷೆಯಲ್ಲಿ ಉತ್ತರ ಕೊಡಬೇಡಿ ಎಂದರು. ತುಳು ಒಂದೇ. ಒಳಗೆ ತುಳು ಸತ್ತಿಲ್ಲ, ಬೇಕು ಎಂದಾದರೆ ಮಾತ್ರ ಹೊರಗೆ ಬರುತ್ತದೆ. ಆರು ತಿಂಗಳು ಕಳೆದರೆ ಬರುವುದು ಕಷ್ಟ. ಅವನಿಗೆ ಒಬ್ಬಳಾದರೂ ಬೇಕಲ್ಲ ಎಂದೆ. ಅದಕ್ಕೆ ಅವರು ಹೇಳಿದ್ದು: "ಟೀಚರ್, ನಾಳೆ ನಿಮಗೆ ಜ್ವರ ಬಂದ್ರೆ ಇವರು ನೀರು ಕೇಳಿದ್ದು ಯಾರಿಗೆ ಗೊತ್ತಾಗ್ತದೆ? ನಿಮ್ಮ ನಂತರ ಯಾರಿಗೆ?"

ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದೆ.

ಡಿಸೆಂಬರ್ 8

ಇನ್ನೂ ಬಿಟ್ಟಿಲ್ಲ. ನಾಳೆಯಿಂದ ಎನ್ನುತ್ತೇನೆ, ಬೆಳಿಗ್ಗೆ ಅವನು ಸುಸ್ತರ್ ಎಂದ ಕೂಡಲೇ ನನ್ನ ಬಾಯಿ ತಾನಾಗಿ ಯಾ ಎನ್ನುತ್ತದೆ. ಅತ್ತ ದರಿ ಇತ್ತ ಪುಲಿ. ನಿನ್ನೆ ನನಗೆ ಶಾಲೆಯಲ್ಲಿ ತಲೆ ತಿರುಗಿ ಬೀಳುವ ಹಾಗಾಯಿತು. ಗೋಡೆ ಹಿಡಿದು ನಿಂತಾಗ ಡಾಕ್ಟರು ಕೇಳಿದ್ದೇ ಕಿವಿಯಲ್ಲಿ.

ಡಿಸೆಂಬರ್ 10

ಶುರು ಮಾಡಿದೆ. ವಾತ್ರ ಎಂದ. ಗೊತ್ತಾಗದವಳ ಹಾಗೆ ನಿಂತೆ. "ನೀರ್ ಎನ್ನು ಅಣ್ಣ, ನೀರ್" ಎಂದೆ ತುಳುವಿನಲ್ಲಿ. ಅರ್ಧ ಗಂಟೆ. ಆಮೇಲೆ ನಾನೇ ಸೋತು ಲೋಟ ಕೊಟ್ಟೆ, ಮಾತು ಮಾತ್ರ ಕೊಡಲಿಲ್ಲ.

ಡಿಸೆಂಬರ್ 13

ಇವತ್ತಿನದ್ದು ಬರೆಯುವುದು ಬೇಡ.

ಡಿಸೆಂಬರ್ 14

ಸಂಜೆ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಅವನು ಜಗಲಿಯಿಂದ ಕೇಳಿದ. ತಪ್ಪಿಲ್ಲದ ವಾಕ್ಯ, ಒಂದೊಂದೇ ಪದ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ. ಸುಸ್ತರ್, ನನ್ನ ಮಾತು ತಿಳಿಯುವವರು ಇನ್ನು ಯಾರೂ ಇಲ್ಲವೋ?

ನಾನು ತಲೆ ಎತ್ತಲಿಲ್ಲ. ಒಂದೇ ಬೋಗುಣಿಯನ್ನು ತಿಕ್ಕಿದೆ, ತೊಳೆದೆ, ಮತ್ತೆ ಬೂದಿ ಹಾಕಿ ತಿಕ್ಕಿದೆ. ಅವನು ಎರಡನೆಯ ಸಲ ಕೇಳಲಿಲ್ಲ. ಊಟವೂ ಮಾಡಲಿಲ್ಲ. ನಾನು ಪಾಪಿ.

ಡಿಸೆಂಬರ್ 22

ಎಂಟು ದಿನದಿಂದ ಅವನು ಯಾವ ಭಾಷೆಯಲ್ಲೂ ಮಾತಾಡುವುದಿಲ್ಲ. ಮೊದಲಿನ ಹಾಗೆಯೇ. ನಾನು ಎಂತ ಮಾಡಿಟ್ಟೆ?

ಡಿಸೆಂಬರ್ 27

"ನೀರ್" ಎಂದ. ದೇಯಿ ಅಕ್ಕನ ಹತ್ತಿರ. ನಾನು ಶಾಲೆಯಲ್ಲಿದ್ದೆ.

ಮನೆಗೆ ಬರುವಾಗ ಅಂಗಳ ತುಂಬ ಜನ. ಸೇಸಪ್ಪ ಪಟಾಕಿ ತಂದಿದ್ದ. ದೊರೆ ಬಿಟ್ಟುಹೋದ ಎಂದು ಎಲ್ಲರಿಗೂ ಬೆಲ್ಲ ನೀರು ಕೊಟ್ಟ. ದೇಯಿ ಅಕ್ಕ ನನ್ನ ಗಲ್ಲ ಹಿಡಿದು ಎಷ್ಟೋ ವರ್ಷದ ಮೇಲೆ ಮುತ್ತು ಕೊಟ್ಟಳು. ನನಗೂ ಸಂತೋಷವೇ. ಬಹಳ ಸಂತೋಷ. ಬೇಗ ಮಲಗುತ್ತೇನೆ, ಮೈಯಲ್ಲಿ ತ್ರಾಣವಿಲ್ಲ.

ಜನವರಿ 9, 1980

ತುಳು ದಿನದಿನಕ್ಕೆ ಬರುತ್ತಿದೆ. ಚಾ, ಅಕ್ಕ, ಕಾಲು ನೋವು, ಸೇಸಪ್ಪ ಎಲ್ಲಿ. ಕೇರಿಯವರು ಬಂದು ಮಾತಾಡಿಸುತ್ತಾರೆ, ಅವನು ಉತ್ತರ ಕೊಡುತ್ತಾನೆ, ಅವರು ನಗುತ್ತಾರೆ, ಅವನೂ ನಗುತ್ತಾನೆ. ಡಾಕ್ಟರು ನನ್ನ ಕೈ ಕುಲುಕಿದರು. ಬರುವಾಗ ರಾಲ್‌ಹೂಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು.

ಜನವರಿ 16

ಪುಸ್ತಕ ಅವನ ತೊಡೆಯ ಮೇಲೆ ಇಟ್ಟೆ. ಪುಟ ತಿರುಗಿಸಿದ. ಅಕ್ಷರ ತನ್ನದೇ ಎಂದು ಗುರುತಾಯಿತು. "ನಾನು ಬರೆದದ್ದಾ? ಎಷ್ಟು ಉಂಟು ಮಾರಾಯ್ತಿ" ಎಂದ. ಒಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದ, ಅರ್ಥ ಹತ್ತಲಿಲ್ಲ; ತುಳು ಬಂದ ಹಾಗೆ ಅದು ಹೋಗಿದೆ. ಆಮೇಲೆ ಪುಸ್ತಕ ಮುಚ್ಚಿ ಚಾ ಕೇಳಿದ.

ಒಲೆಯ ಹತ್ತಿರ ನಿಂತು ನಾನು ಮೆಲ್ಲಗೆ ಅವನ ಸುಸ್ತರ್ ವಾಕ್ಯಗಳನ್ನು ಒಂದೊಂದಾಗಿ ಹೇಳಿಕೊಂಡೆ. ಒಂದೂ ಮರೆತಿಲ್ಲ.

ಜನವರಿ 27, ಭಾನುವಾರ

ಸೇಸಪ್ಪನ ಮನೆಯಲ್ಲಿ ಹರಕೆ ತೀರಿಸುವ ಊಟ ಇತ್ತು. ಎಲ್ಲರೂ ಆ ಕಡೆ ಹೋಗಿದ್ದರು. ನಾವು ಜಗಲಿಯಲ್ಲಿದ್ದೆವು. ಅಣ್ಣ ಕಡಲಿನ ಕಡೆ ನೋಡುತ್ತಾ ತುಳುವಿನಲ್ಲಿ ಕೇಳಿದ:

"ಕುಮುದಿನಿ, ಆಗ ನಾನು ಮಾತಾಡಿದ್ದು ನಿನಗೆ ಗೊತ್ತಾಗ್ತಿತ್ತಲ್ಲ?"

ಸುಳ್ಳು ಹೇಳಬಹುದಿತ್ತು. ಗೊತ್ತಾಗ್ತಿತ್ತು ಎಂದೆ.

"ಬಾವಿಕಟ್ಟೆಯಲ್ಲಿ ನೀನು ಪಾತ್ರೆ ತೊಳೀತಾ ಇದ್ದಾಗ ಒಂದು ಕೇಳಿದೆ. ಕೇಳಿದ್ದು ನೆನಪುಂಟು. ಎಂತ ಕೇಳಿದ್ದು ಅಂತ ನೆನಪಿಲ್ಲ."

ನಾನು ಹೇಳಿದೆ. ನನ್ನ ಮಾತು ತಿಳಿಯುವವರು ಇನ್ನು ಯಾರೂ ಇಲ್ಲವೋ ಎಂದು ನೀನು ಕೇಳಿದೆ ಅಣ್ಣ. ಅವನು ತಲೆ ಅಲ್ಲಾಡಿಸಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನೀನು ಎಂತ ಹೇಳಿದೆ?"

"ಎಂತ ಇಲ್ಲ."

"ಈಗ ಹೇಳು."

ತುಳುವಿನಲ್ಲಿ ಹೇಳಹೊರಟೆ, ಬರಲಿಲ್ಲ. ಅವನು ತನ್ನ ಆ ಭಾಷೆಯಲ್ಲಿ ಕೇಳಿದ್ದ. ನಲವತ್ತನಾಲ್ಕು ದಿನದಿಂದ ಉತ್ತರವೂ ನನ್ನೊಳಗೆ ಅದರಲ್ಲಿಯೇ ಕೂತಿತ್ತು. ಹಾಗಾಗಿ ಅದರಲ್ಲಿಯೇ ಹೇಳಿದೆ. ಒಬ್ಬಳು ಇದ್ದಳು, ಎಲ್ಲ ಕೇಳುತ್ತಿದ್ದಳು, ನಿನ್ನೊಬ್ಬನನ್ನೇ ಬಿಡಬೇಕೆಂದು ಸುಮ್ಮನಿದ್ದದ್ದಲ್ಲ ಎಂದೆ. ನಿನ್ನ ಭಾಷೆಯನ್ನು ಕೊಂದದ್ದು ನಾನೇ ಎಂದೆ. ಇದರಲ್ಲಿ ನೀನು ನನ್ನೊಡನೆ ಆಡಿದಷ್ಟು ಇನ್ನು ಯಾರೂ ಆಡಲಿಕ್ಕಿಲ್ಲ ಎಂದೆ. ಪದ ಸಾಲದ ಕಡೆ ಅಲ್ಲಿಯೇ ಹೊಸದು ಮಾಡಿಕೊಂಡೆ. ಅಳುತ್ತಿದ್ದೆ, ಆದರೂ ವಿಭಕ್ತಿ ಒಂದೂ ತಪ್ಪಲಿಲ್ಲ.

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆದರೂ ತಲೆ ತಗ್ಗಿಸಿ, ಎಡಗೈಯನ್ನು ಮೊಣಕಾಲ ಮೇಲಿಟ್ಟು, ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ. ನಾನು ನಿಲ್ಲಿಸಿ ಮೂಗು ಒರೆಸಿಕೊಳ್ಳುವಾಗ, ಇನ್ನೂ ಉಂಟಾ ಎಂದ.

ಉಂಟು ಎಂದೆ. ಅವನು ಎಡಗಾಲು ಊರಿ ಕುರ್ಚಿಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿಕೊಂಡ.